ನಲವತ್ತು ದಿನದ ನೀರು

ಗಂಡ ಗ್ಲಿಗೋರೆಯ ಹೆಣ ಇನ್ನೂ ಮುಂದಿನ ಕೋಣೆಯಲ್ಲಿ ಮಲಗಿದ್ದಾಗಲೇ ಸ್ಟಾಂಕ ಹಿತ್ತಿಲಿಗೆ ಹೋಗಿ ಬೇಲಿಯಿಂದ ಒಂದು ಹಸಿ ಕೋಲು ಕಡಿದಳು. ಸಿಪ್ಪೆ ಸುಲಿದು, ಚಾಕುವಿನ ಜೊತೆ ಅದನ್ನು ಮೊಮ್ಮಗಳು ಡೆನಿಸಾಳ ಕೈಗಿಟ್ಟಳು. ಹುಡುಗಿಗೆ ಹನ್ನೆರಡು ತುಂಬಿತ್ತು. ಸತ್ತವರಿಗಾಗಿ ನೀರು ಹೊರುವುದಕ್ಕೆ ಅದು ಸರಿಯಾದ ವಯಸ್ಸು.

“ದಿನಾ ಬೆಳಿಗ್ಗೆ ನೀರಿನ ಊಟೆಯಿಂದ ಮೂರು ಬಕೆಟ್ಟು. ಒಂದು ತುದೋರಜ್ಜಿ ಮನೆಗೆ, ಒಂದು ಮೇಷ್ಟರ ಹೆಂಡತಿಗೆ, ಒಂದು ಕುರುಡ ಪೆತ್ರೆಗೆ. ಮೂರೂ ಮುಟ್ಟಿದ ಮೇಲೆ ಕೋಲಿಗೆ ಒಂದು ಗೆರೆ. ಇವತ್ತಿಂದಲೇ ಶುರು. ನಲವತ್ತು ಗೆರೆ ಆಗ್ಬೇಕು.”

“ತಾತ ಅಲ್ಲಿ ಈ ನೀರೇ ಕುಡಿಯೋದಾ ಅಜ್ಜಿ?”

“ಇಲ್ಲಿ ಕೊಟ್ಟದ್ದೇ ಅಲ್ಲಿ ಸಿಗೋದು. ಇಲ್ಲಿ ಕೊಡದೆ ಇದ್ದದ್ದು ಅಲ್ಲಿ ಸಿಗಲ್ಲ.”

ಮೂವತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದು ಎದೆ ಒಣಗಿಸಿಕೊಂಡ ಮನುಷ್ಯ ಗ್ಲಿಗೋರೆ. ಕೊನೆಯ ವಾರ ಪೂರ್ತಿ ನೀರು ನೀರು ಎಂದೇ ಕೇಳಿದ್ದ. ಪೆಟ್ಟಿಗೆ ಮುಚ್ಚುವ ಮುಂಚೆ ಡೆನಿಸಾ ಅವನ ಗುಂಡಿ ಒತ್ತುವ ಹಳೇ ಫೋನನ್ನು ಕೋಟಿನ ಎದೆಯ ಜೇಬಿನೊಳಗೆ ಇಟ್ಟಳು. ದಿನಾ ಸಂಜೆ ಪ್ಲಮ್ ತೋಟದ ದಿಬ್ಬದಿಂದ ಅದರಲ್ಲೇ ಅವನು ಮನೆಗೆ ಕರೆ ಮಾಡಿ, “ಒಲೆ ಮೇಲೆ ನೀರಿಡಿ, ಬಂದೆ” ಅನ್ನುತ್ತಿದ್ದ. ಪಾದ್ರಿಗಳು ನೋಡಿಯೂ ನೋಡದವರಂತೆ ಇದ್ದರು. ಕನ್ನಡಕ, ಸಿಗರೇಟು, ಬಾಚಣಿಗೆ ಇಟ್ಟು ಕಳಿಸುವ ಜನಕ್ಕೆ ಒಂದು ಫೋನು ಏನು ಹೆಚ್ಚು?

ಒಂಬತ್ತನೆಯ ದಿನ ಮೇಯರ್ ಕಚೇರಿಯ ಕಾರ್ಮೆನ್ ಮನೆತನಗಳ ದಫ್ತರ ಕಂಕುಳಲ್ಲಿಟ್ಟುಕೊಂಡು ಬಂದಳು. ವರ್ಷಕ್ಕೊಮ್ಮೆ ಹಾಗೆ ಬಂದು ಹಂದಿ ಎಷ್ಟು, ಕೋಳಿ ಎಷ್ಟು, ಮನೆಯಲ್ಲಿ ಜನ ಎಷ್ಟು ಎಂದು ಬರೆದುಕೊಂಡು ಹೋಗುವುದು ಅವಳ ಕೆಲಸ.

“ಸ್ಟಾಂಕಜ್ಜಿ, ಯಜಮಾನರ ಹೆಸರು ಹೊಡೆದು ಮಗ ಸಾಂಡು ಹೆಸರು ಬರೀಲಾ?”

“ಯಾರನ್ನ ಹೊಡೀತೀಯೇ? ನಲವತ್ತು ದಿನ ಅವನು ಈ ಮನೆ ಸುತ್ತಲೇ ಓಡಾಡ್ಕೊಂಡಿರ್ತಾನೆ. ಬಾಗಿಲಿಗೆ ಬಂದು ಬಗ್ಗಿ ನೋಡಿದ್ರೆ, ಒಳಗೆ ತನ್ನ ಹೆಸರಿಗೇ ಗೆರೆ ಎಳೀತಿರೋದು ಕಾಣ್ಬೇಕಾ? ನಲವತ್ತು ಕಳೀಲಿ. ಆಮೇಲೆ ನಾನೇ ಬಂದು ಹೇಳ್ತೀನಿ.”

“ಸರಿ ಬಿಡಿ. ನನಗೂ ಶಾಯಿ ಉಳೀತು,” ಎಂದು ಕಾರ್ಮೆನ್ ದಫ್ತರ ಮುಚ್ಚಿದಳು.

ಮನೆಯಲ್ಲಿ ಈಗ ಉಳಿದವರು ಮೂವರು. ಮಗ ಸಾಂಡು ಮರ ಕೊಯ್ಯುವ ಮಿಲ್ಲಿಗೆ ಹೋಗುತ್ತಿದ್ದ. ಸಂಜೆ ಬರುವಾಗ ಮೈಯಿಂದ ಮರದ ಹೊಟ್ಟೂ ಬಾಯಿಂದ ಪ್ಲಮ್ ಸಾರಾಯಿಯೂ ನಾರುತ್ತಿದ್ದವು. ಸೊಸೆ ವೆಟಾ ಇಟಲಿಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುತ್ತಿದ್ದಳು. ಹೋಗಿ ಐದು ವರ್ಷವಾಗಿತ್ತು. ಮಾವನ ಮಣ್ಣಿಗೂ ಬರಲಾಗಿರಲಿಲ್ಲ. ಮನೆಯಲ್ಲಿ ಕರೆ, ಸಂದೇಶ ಬರುವಷ್ಟೇ ಸಿಗ್ನಲ್ಲು; ಭಾನುವಾರ ಅವಳ ಮುಖ ನೋಡಿ ಮಾತನಾಡಬೇಕೆಂದರೆ ಡೆನಿಸಾಳೂ ಸ್ಟಾಂಕಳೂ ದಿಬ್ಬ ಹತ್ತಬೇಕು. ಅಲ್ಲೂ ವೆಟಾಳ ಮುಖ ಫೋನಿನಲ್ಲಿ ಒಡೆದ ತಟ್ಟೆಯಂತೆ ಚೂರು ಚೂರಾಗಿ ಬರುತ್ತಿತ್ತು. ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. “ಅಮ್ಮಾ, ಕೇಳಿಸ್ತಿದೆಯಾ?” ಎಂದು ಕೂಗಿ ಕೂಗಿ ಹುಡುಗಿ ಅತ್ತುಬಿಡುತ್ತಿದ್ದಳು.

ಆದ್ದರಿಂದ ಸರ್ಕಾರ ಊರಿಗೆ ಇಂಟರ್ನೆಟ್ ತಂತಿ ಎಳೆಸುತ್ತದೆ ಎಂಬ ಸುದ್ದಿ ಬಂದಾಗ ಸ್ಟಾಂಕ ದೇವರ ಪಟದ ಮುಂದೆ ನಿಂತು ಶಿಲುಬೆ ಗುರುತು ಹಾಕಿಕೊಂಡಿದ್ದಳು. ಅದು ಸುಳ್ಳಲ್ಲ.

ತಂತಿಯ ಉದ್ಘಾಟನೆಯನ್ನು ಇಟ್ಟುಕೊಂಡದ್ದು ಆಗಸ್ಟ್ ಒಂದನೇ ತಾರೀಖು, ಶುಕ್ರವಾರ. ದೇವಮಾತೆಯ ಉಪವಾಸ ಶುರುವಾಗುವ ದಿನ. ಆ ದಿನ ಎಣ್ಣೆಯ ತೊಟ್ಟನ್ನೂ ಮುಟ್ಟದ ಊರಿನ ನಡುವೆ, ಸಭಾಭವನದ ಅಂಗಳದಲ್ಲಿ, ಬೆಳಿಗ್ಗೆಯಿಂದ ಕೆಂಡದ ಮೇಲೆ ಮಾಂಸದುಂಡೆ ಸುಡುತ್ತಿದ್ದರು. ಹೊಗೆ ಚರ್ಚಿನ ಬಾಗಿಲವರೆಗೆ ಹೋಯಿತು. ಪ್ರಾರ್ಥನೆ ಮುಗಿಸಿ ಬಂದ ಸ್ಟಾಂಕ ತಲೆವಸ್ತ್ರದ ತುದಿಯಿಂದ ಮೂಗು ಮುಚ್ಚಿಕೊಂಡಳು.

ರಾಜಧಾನಿಯಿಂದ ಬಂದ ಕಾರ್ಯದರ್ಶಿ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದ. ಗೋಡೆಗೆ ದೊಡ್ಡ ಹಲಗೆ ಹೊಡೆದಿದ್ದರು: ‘ಸುರಕ್ಷಿತ ಬಾಲ್ಯ, ಸಂಪರ್ಕದ ಗ್ರಾಮ’.

“ಇಂದಿನಿಂದ ಈ ಊರಿನ ಪ್ರತಿಯೊಂದು ಮಗುವಿನ ಬೆನ್ನ ಹಿಂದೆ ಸರ್ಕಾರ ಒಂದು ಕಣ್ಣಾಗಿ ನಿಂತಿರುತ್ತದೆ!” ಎಂದ ಅವನು. “ಅಪರಿಚಿತರು ಮಗುವನ್ನು ಮಾತಿಗೆಳೆದರೆ ತಕ್ಷಣ ಪಾಲಕರ ಫೋನಿಗೆ ಎಚ್ಚರಿಕೆ ಬರುತ್ತದೆ!”

“ಒಂದೇ ಕಣ್ಣಾ?” ಎಂದು ಪಕ್ಕದಲ್ಲಿ ನಿಂತಿದ್ದ ತುದೋರ ಪಿಸುಗುಟ್ಟಿದಳು. “ಪರವಾಗಿಲ್ಲ, ನಮ್ಮ ಪೆತ್ರೆಗಿಂತ ಒಂದು ಜಾಸ್ತಿ ಆಯ್ತು.”

ಸ್ಟಾಂಕಳಿಗೆ ನಗು ಬಂತು. ಗಂಡ ಸತ್ತ ಮೇಲೆ ಅದೇ ಮೊದಲ ನಗು. ಬಂದದ್ದಕ್ಕೆ ನಾಚಿಕೆಯೂ ಆಯಿತು.

ಒಳಗೆ ಮೇಜಿನ ಹಿಂದೆ ಕಾರ್ಮೆನ್ ಬೆವರುತ್ತ ಕುಳಿತಿದ್ದಳು. ಊರಿನ ಅಷ್ಟೂ ಮಕ್ಕಳ ಹೆಸರಿನ ಮುಂದೆ ಪಾಲಕರ ಹೆಸರು, ಫೋನು ನಂಬರು ತುಂಬಿಸಬೇಕಿತ್ತು. ಕಾರ್ಯದರ್ಶಿಯ ಕಾರು ಹೊರಡುವುದರೊಳಗೆ ನೂರಕ್ಕೆ ನೂರು ಎಂದು ಮೈಕಿನಲ್ಲಿ ಕೂಗಬೇಕೆಂದು ಮೇಯರು ಹೇಳಿದ್ದ.

“ಸಾಂಡು, ಇಲ್ಲಿ ಬಾರಪ್ಪ. ಡೆನಿಸಾಂದು ತುಂಬಿ ಸಹಿ ಹಾಕು.”

ಸಾಂಡುವಿನ ಒಂದು ಕೈಯಲ್ಲಿ ಬಿಯರು, ಇನ್ನೊಂದರಲ್ಲಿ ರೊಟ್ಟಿಗೆ ಸುತ್ತಿದ ಮಾಂಸ. “ನನ್ನ ಕೈ ಖಾಲಿ ಇಲ್ಲ ಕಣಮ್ಮ. ನೀನೇ ತುಂಬ್ಕೊ. ದಫ್ತರದಲ್ಲಿ ನಮ್ಮ ಮನೇದೆಲ್ಲಾ ಇದೆಯಲ್ಲ.”

“ಇವತ್ತು ಉಪವಾಸ ಕಣೋ!” ಎಂದಳು ಸ್ಟಾಂಕ.

“ಸರ್ಕಾರ ಕೊಟ್ಟಿದ್ದು ಉಪವಾಸಕ್ಕೆ ಲೆಕ್ಕ ಇಲ್ಲವ್ವ.”

ಕಾರ್ಮೆನ್ ದಫ್ತರ ತೆರೆದು ಅವರ ಮನೆಯ ಪುಟ ಹುಡುಕಿ, ಮೇಲಿನ ಸಾಲಿನಿಂದ ನೋಡಿಕೊಂಡು ಸರಸರ ಒತ್ತಿದಳು. ಒಬ್ಬ ಹುಡುಗ ಡೆನಿಸಾಳ ಫೋನು ತೆಗೆದುಕೊಂಡು ಅದರೊಳಗೆ ಸರ್ಕಾರದ ಕಾವಲು ಹಾಕಿಕೊಟ್ಟ. ಸ್ವಲ್ಪ ಹೊತ್ತಿಗೆ ಮೈಕು ನೂರಕ್ಕೆ ನೂರು ಎಂದಿತು. ಕಾರ್ಯದರ್ಶಿ ಕೊಬ್ಬು ಅಂಟಿದ ಬೆರಳುಗಳನ್ನು ಒಂದು ಕರಪತ್ರಕ್ಕೆ ಒರೆಸಿ ನೆಲಕ್ಕೆ ಎಸೆದ. ಆ ಕಾಗದದ ಮೇಲೆ ನಗುವ ಮಗುವಿನ ಚಿತ್ರವಿತ್ತು. ಸ್ಟಾಂಕ ಬಗ್ಗಿ ಅದನ್ನು ಎತ್ತಿಕೊಂಡಳು. ಮಗುವಿನ ಮುಖ ಎಂದಮೇಲೆ ಕಾಲಡಿ ಬೀಳಬಾರದು ಎಂದು ಮನೆಗೆ ತಂದು ಒಲೆಗೆ ಹಾಕಿದಳು. ಜಿಡ್ಡು ಚಟಪಟ ಉರಿಯಿತು.

ಮನೆಮನೆಗೆ ತಂತಿ ತಿಂಗಳೊಳಗೆ ಬರುತ್ತದೆ, ಅಲ್ಲಿಯವರೆಗೆ ಸಭಾಭವನದ ಸುತ್ತ ಪುಕ್ಕಟೆ ಎಂದಿದ್ದರು. ಆ ಭಾನುವಾರ ಅಜ್ಜಿ ಮೊಮ್ಮಗಳು ಭವನದ ಹಿಂದಿನ ಗಿಡ್ಡ ಗೋಡೆಯ ಮೇಲೆ ಕುಳಿತರು. ವೆಟಾಳ ಮುಖ ಇಡಿಯಾಗಿ ಬಂತು. ಕಿವಿಯ ಹತ್ತಿರ ನರೆತ ಕೂದಲು ಕೂಡ ಕಂಡಿತು.

“ಅತ್ತೆ, ಎಷ್ಟು ಬಡವಾಗಿದೀರ!”

“ನೀನೇನು ದಪ್ಪಗಾಗಿದೀಯಾ? ಅಲ್ಲಿ ಹೊಟ್ಟೆಗೆ ಹಾಕಲ್ವಾ ಆ ಮುದುಕಿ?”

ಮೂವರೂ ಅತ್ತರು, ಮೂವರೂ ನಕ್ಕರು. ಇಷ್ಟಕ್ಕಾದರೂ ಸರ್ಕಾರಕ್ಕೆ ಪುಣ್ಯ ಬರಲಿ ಎಂದು ಸ್ಟಾಂಕ ಮನಸ್ಸಿನಲ್ಲೇ ಹರಸಿದಳು.

ಆಮೇಲೆ ಡೆನಿಸಾ ಬೆಳಿಗ್ಗೆ ಬಕೆಟ್ಟು ಹಿಡಿದು ಹೋದರೆ ಮಧ್ಯಾಹ್ನಕ್ಕೆ ಬರತೊಡಗಿದಳು. ಕೋಲಿನ ಮೇಲೆ ಗೆರೆ ಮಾತ್ರ ದಿನಕ್ಕೊಂದು ತಪ್ಪದೆ ಬೀಳುತ್ತಿತ್ತು. ಸ್ಟಾಂಕ ಅದನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ ಸಮಾಧಾನ ಪಡುತ್ತಿದ್ದಳು.

ಊಟದ ಮೇಜಿನಲ್ಲಿ ಮೊದಮೊದಲು ಹುಡುಗಿ ನಗುತ್ತ ಫೋನು ನೋಡುತ್ತಿದ್ದಳು. ಮಮಲಿಗ, ಆ ಮೆಕ್ಕೆಜೋಳದ ಮುದ್ದೆ, ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತಿತ್ತು.

“ಯಾರೇ ಅದು?”

“ಆಲೇಸಿಯಾ ಅಂತ, ಅಜ್ಜಿ. ಪಟ್ಟಣದವಳು. ನನ್ನ ವಯಸ್ಸಿನವಳೇ. ಅವಳ ತಾತನೂ ಸತ್ತುಹೋದರಂತೆ.”

“ಪಾಪ. ತಿನ್ನು ಮೊದಲು.”

ಎರಡನೆಯ ವಾರ ಹುಡುಗಿಯ ನಗು ನಿಂತಿತು. ಫೋನು ಕುಯ್ಗುಟ್ಟಿದರೆ ಬೆಚ್ಚಿಬೀಳುತ್ತಿದ್ದಳು. ಬೀನ್ಸ್ ಸಾರಿನಲ್ಲಿ ಚಮಚ ಆಡಿಸುತ್ತ ಕುಳಿತಿರುತ್ತಿದ್ದಳು.

“ಸಾಂಡು, ಈ ಮಗೂಗೆ ಏನೋ ಆಗಿದೆ. ಆ ಫೋನು ಇಸ್ಕೊಂಡು ನೋಡೋ.”

“ಬಿಡವ್ವ. ಸರ್ಕಾರದ ಕಾವಲಿದೆ ಅದಕ್ಕೆ. ಏನಾದ್ರೂ ಆಗಿದ್ರೆ ಎಚ್ಚರಿಕೆ ಬರ್ತಿತ್ತು. ಬಂದಿಲ್ಲ ಅಂದ್ರೆ ಏನೂ ಆಗಿಲ್ಲ.”

“ಬರೋದು ಎಲ್ಲಿಗೋ?”

“ಎಲ್ಲಿಗೋ ಬರುತ್ತೆ! ಮಿಲ್ಲಿಂದ ಸತ್ತು ಬಂದಿರ್ತೀನಿ, ಉಪ್ಪಿನಕಾಯಿ ಕೊಡು ಈ ಕಡೆ.”

ಒಂದು ದಿನ ಡೆನಿಸಾ ಅಂಗಳದಲ್ಲಿ ಬೀನ್ಸ್ ಬಿಡಿಸುತ್ತಿದ್ದ ಅಜ್ಜಿಯ ಹತ್ತಿರ ಬಂದು ಕುಳಿತಳು.

“ಅಜ್ಜಿ, ಒಬ್ಬರಿಗೆ ಒಂದು ಸಲ ಕೊಟ್ಟದ್ದನ್ನ ವಾಪಸ್ ಇಸ್ಕೊಳ್ಳೋಕೆ ಆಗುತ್ತಾ?”

ಸ್ಟಾಂಕಳ ತಲೆಯಲ್ಲಿ ಇದ್ದದ್ದು ಮುಂದಿನ ಶನಿವಾರದ ನಲವತ್ತನೆಯ ದಿನ, ಗಂಡನ ಹೆಸರಲ್ಲಿ ದಾನ ಕೊಡಬೇಕಾದ ಬಟ್ಟೆ, ಬಟ್ಟಲು, ಕಂಬಳಿ. “ಕೊಟ್ಟದ್ದು ಕೊಟ್ಟದ್ದೇ ಕಣೇ,” ಎಂದಳು. “ವಾಪಸ್ ಕೇಳೋದು ಪಾಪ.”

ಹುಡುಗಿ ಎದ್ದು ಹೋದಳು.

ಶನಿವಾರ ಬಂತು. ಬೇಯಿಸಿದ ಗೋಧಿಗೆ ಜೇನು, ಅಕ್ರೋಟು ಬೆರೆಸಿ, ಮೇಲೆ ಸಕ್ಕರೆಯಲ್ಲಿ ಶಿಲುಬೆ ಬಿಡಿಸಿ ಚರ್ಚಿಗೆ ಒಯ್ದರು. ಪಾದ್ರಿಗಳು ಹೆಸರೆತ್ತಿ ಪ್ರಾರ್ಥಿಸಿದರು. ಅಲ್ಲಿಂದ ಹೆಂಗಸರೆಲ್ಲ ಕುರುಡ ಪೆತ್ರೆಯ ಜೊತೆ ಹೊಳೆದಂಡೆಗೆ ನಡೆದರು. ಹೊತ್ತ ನೀರನ್ನು ಸತ್ತವನಿಗೆ ಒಪ್ಪಿಸುವ ಶಾಸ್ತ್ರ ನಡೆಯುವುದು ಹರಿಯುವ ನೀರಿನ ಮುಂದೆ. ಸೋರೆ ಬುರುಡೆಯ ಹೋಳಿನಲ್ಲಿ ಮೇಣದ ಬತ್ತಿ ಹಚ್ಚಿ, ಡೆನಿಸಾಳ ಕೈಗೆ ಕೊಟ್ಟರು. ಪಕ್ಕದಲ್ಲಿ ಕೋಲು, ಅದರ ಮೇಲೆ ನಲವತ್ತು ಗೆರೆ.

“ಹೇಳು ಮಗಳೇ, ಮೂರು ಸಲ.”

ಡೆನಿಸಾ ಬತ್ತಿಯನ್ನೇ ನೋಡುತ್ತ ಹೇಳಿದಳು: “ತಾತ ಗ್ಲಿಗೋರೆಯ ಆತ್ಮಕ್ಕೆ... ನಲವತ್ತು ದಿನ ನೀರು ಹೊತ್ತೆ. ಸಾಕ್ಷಿ ಇದ್ದೀರಾ?”

ನೀರು ಪಡೆದ ಮನೆಯವರು “ಸಾಕ್ಷಿ ಇದ್ದೇವೆ” ಎಂದು ಕೂಗಬೇಕು. ತುದೋರ ನೆಲ ನೋಡಿದಳು. ಮೇಷ್ಟರ ಹೆಂಡತಿ ತುದೋರಳನ್ನು ನೋಡಿದಳು. ಕುರುಡ ಪೆತ್ರೆ ತನ್ನ ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ಸುಮ್ಮನೆ ನಿಂತ.

“ಏನ್ರೇ, ಬಾಯಿ ಬಿದ್ದುಹೋಯ್ತಾ?” ಎಂದಳು ಸ್ಟಾಂಕ.

“ಸ್ಟಾಂಕಕ್ಕ,” ಎಂದಳು ತುದೋರ, “ಹರಿಯೋ ನೀರಿನ ಮುಂದೆ ಸುಳ್ಳು ಹೇಳಿಸಬೇಡ ಕಣೆ. ಹನ್ನೆರಡು ದಿನದಿಂದ ನನ್ನ ಮನೆಗೆ ನೀರು ಬಂದಿಲ್ಲ.”

“ನಮಗೂ ಇಲ್ಲ,” ಎಂದ ಪೆತ್ರೆ.

“ಹನ್ನೆರಡು ದಿನ! ಒಬ್ಬರಾದ್ರೂ ಒಂದು ಮಾತು ಹೇಳ್ಬಾರದಿತ್ತಾ?”

“ಸತ್ತವರ ಹೆಸರಲ್ಲಿ ಕೊಡೋದನ್ನ ಬಾಯಿಬಿಟ್ಟು ಕೇಳ್ತಾರಾ? ನಮ್ಮತ್ತೆ, ನಿಮ್ಮತ್ತೆ ಯಾರಾದ್ರೂ ಕೇಳಿದ್ರಾ? ಬಂದರೆ ಇಸ್ಕೋಬೇಕು, ಬರದಿದ್ರೆ ಬಾಯಿ ಮುಚ್ಕೋಬೇಕು,” ಎಂದಳು ತುದೋರ.

ಸ್ಟಾಂಕ ತಿರುಗಿ ಮೊಮ್ಮಗಳನ್ನು ನೋಡಿದಳು. ಕೊನೆಯ ವಾರದ ಗಂಡನ ತುಟಿ ನೆನಪಾಯಿತು. ಹನ್ನೆರಡು ದಿನ ಅವನು ಅಲ್ಲಿ ಬರಿಗೈಯಲ್ಲಿ ಕುಳಿತಿದ್ದಾನೆ. ಕೈ ತಾನೇ ಮೇಲೆದ್ದಿತು. ಆದರೆ ಹುಡುಗಿ ಹಿಂದೆ ಸರಿಯಲಿಲ್ಲ. ಹೊಡೆದರೆ ಸಾಕು, ಹೊಡೆದು ಮುಗಿಸಲಿ ಎಂಬಂತೆ ಮುಖ ಮುಂದೆ ಮಾಡಿ ನಿಂತಿದ್ದಳು. ಆ ಮುಖ ನೋಡಿ ಸ್ಟಾಂಕಳ ಕೈ ಇಳಿಯಿತು.

“ನೀರು ಹೋಗಲಿ. ನಿನಗೇನಾಗಿದೆ ಹೇಳು.”

ಹೊಳೆಯ ಗಾಳಿಗೆ ಬತ್ತಿ ಆರಿಹೋಯಿತು. “ಆಲೇಸಿಯಾ ಹುಡುಗಿ ಅಲ್ಲ, ಅಜ್ಜಿ,” ಎಂದಳು ಡೆನಿಸಾ.

ಉಳಿದದ್ದನ್ನು ಅವಳು ಮನೆಯಲ್ಲಿ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಹೇಳಿದಳು. ಅಂಗಳದಲ್ಲಿ ಶ್ರಾದ್ಧದೂಟಕ್ಕೆ ಬಂದವರು ಚಮಚ ಸದ್ದು ಮಾಡುತ್ತಿದ್ದರು. ಮೊದಲು ಹೂವು, ಹೃದಯದ ಚಿತ್ರ ಬಂದವು. ಆಮೇಲೆ ಅಪ್ಪ ಮನೆಯಲ್ಲಿ ಎಷ್ಟು ಹೊತ್ತಿಗೆ ಇರುವುದಿಲ್ಲ, ಅಮ್ಮ ಯಾಕೆ ದೂರ ಎಂಬ ಪ್ರಶ್ನೆ. ಆಮೇಲೆ ಫೋಟೊ ಕೇಳಿದ. ಮುಖದ್ದು, ಹೊಸ ಅಂಗಿಯದು ಎಂದು ಕಳಿಸಿದಳು. ಆಮೇಲೆ ಅವನು ಕೇಳಿದಂಥದ್ದನ್ನು ಕಳಿಸಲಾರೆನೆಂದಾಗ ದನಿ ಬಂತು. ಅದು ದೊಡ್ಡ ಗಂಡಸಿನ ದನಿ. ಇದ್ದ ಫೋಟೊಗಳನ್ನೇ ಏನೇನೋ ಮಾಡಿ ಅಪ್ಪನಿಗೂ ಇಡೀ ಊರಿಗೂ ಕಳಿಸುತ್ತೇನೆ, ಬೇಡವಾದರೆ ಸೋಮವಾರ ಮಧ್ಯಾಹ್ನ ಹೆದ್ದಾರಿಯ ಕೂಡುರಸ್ತೆಗೆ ಒಬ್ಬಳೇ ಬಾ ಎಂದಿದ್ದ. ಈ ಹನ್ನೆರಡು ದಿನ ಅವನಿಗೆ ಉತ್ತರ ಕೊಡುತ್ತ ಸಭಾಭವನದ ಹಿಂದಿನ ಗೋಡೆಯ ಮೇಲೆ ಕುಳಿತು, ತಂದ ನೀರನ್ನು ಅಲ್ಲೇ ಇದ್ದ ಮರದ ಬುಡಕ್ಕೆ ಚೆಲ್ಲುತ್ತಿದ್ದಳು.

ಸ್ಟಾಂಕ ಫೋನು ಇಸಿದುಕೊಂಡು ಕನ್ನಡಕ ಹಾಕಿ ನಾಲ್ಕು ಸಾಲು ಓದಿದಳು. ಅವಳು ನಾಲ್ಕನೇ ಇಯತ್ತೆ ಓದಿದವಳು, ಕೀರ್ತನೆಗಳ ಪುಸ್ತಕ ಬಿಟ್ಟು ಬೇರೇನೂ ಓದಿದವಳಲ್ಲ. ಓದಿ, ಫೋನನ್ನು ಮೇಜಿನ ಮೇಲಿಟ್ಟು, ಕೈಗೆ ಬೂದಿ ಹಚ್ಚಿ ಎರಡು ಸಲ ತೊಳೆದಳು. ಆದರೂ ಆ ಕೈಯಲ್ಲಿ ರೊಟ್ಟಿ ಮುರಿಯಲು ಮನಸ್ಸಾಗಲಿಲ್ಲ.

ಸಾಂಡು ಒಳಗೆ ಬಂದು ಕೇಳಿಸಿಕೊಂಡ. ಮುಖ ಕಪ್ಪಾಯಿತು. “ಇವಳನ್ನ—” ಎಂದು ಬೆಲ್ಟಿಗೆ ಕೈ ಹಾಕಿದ.

“ಕೈ ಇಳಿಸು,” ಎಂದಳು ಸ್ಟಾಂಕ, ಮಧ್ಯೆ ನಿಂತು. “ಒಂದು ಸಹಿ ಹಾಕು ಅಂದಾಗ ಆ ಕೈ ಖಾಲಿ ಇರಲಿಲ್ಲ. ಈಗ ಮಗಳಿಗೆ ಹೊಡೆಯೋಕೆ ಖಾಲಿ ಆಯ್ತಾ?”

“ಅವ್ವಾ, ನೀನು—”

“ಎಚ್ಚರಿಕೆ ಬರುತ್ತೆ ಅಂದೆಯಲ್ಲ. ಎಲ್ಲಿ? ತೋರಿಸು, ನಿನ್ನ ಫೋನಲ್ಲಿ ಎಲ್ಲಿದೆ ತೋರಿಸು!”

ಅವನ ಫೋನಿನಲ್ಲಿ ಏನೂ ಇರಲಿಲ್ಲ.

ಭಾನುವಾರ ವೆಟಾಳಿಗೆ ಹೇಳಿದರು. ಅವಳ ಮುಖ ಈಗಲೂ ಇಡಿಯಾಗಿಯೇ ಕಂಡಿತು, ಕಾಣದಿದ್ದರೆ ಒಳ್ಳೆಯದಿತ್ತು.

“ಇಲ್ಲಿ ನಾನು ಕಂಡವರ ತಾಯಿಯ ಹೊಲಸು ಬಳೀತಿದೀನಿ,” ಎಂದಳು ವೆಟಾ, ಕೂಗದೆ. “ನನ್ನ ಮಗಳ ಮೇಲೆ ಹೊಲಸು ಎರಚಿದ್ದನ್ನ ನೋಡೋಕೆ ನಿಮ್ಮ ಮನೇಲಿ ಒಂದು ಜೋಡಿ ಕಣ್ಣು ಇರಲಿಲ್ವಾ ಅತ್ತೆ?”

ಸ್ಟಾಂಕ ಮೊಮ್ಮಗಳನ್ನು ತನ್ನ ಹತ್ತಿರಕ್ಕೆ ಎಳೆದುಕೊಂಡಳು.

ಸೋಮವಾರ ಬೆಳಿಗ್ಗೆ ಸ್ಟಾಂಕ ತಲೆಗೆ ಕಪ್ಪು ವಸ್ತ್ರ ಕಟ್ಟಿ, ಮೊಮ್ಮಗಳ ಕೈ ಹಿಡಿದು, ಮಗನನ್ನು ಹಿಂದೆ ಬರಲು ಹೇಳಿ ಹೊರಟಳು. ಪೊಲೀಸಿನವನ ಕೋಣೆ ಮೇಯರ್ ಕಚೇರಿಯ ಕೆಳಗಿನ ಅಂತಸ್ತಿನಲ್ಲೇ ಇತ್ತು. ಅವನು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ. ಸಿಪ್ಪೆ ಮೇಜಿನ ಕಾಗದಗಳ ಮೇಲೆಲ್ಲ ಬಿದ್ದಿತ್ತು. ಫೋನು ಓದಿ ಒಂದು ಸಲ ಶಿಳ್ಳೆ ಹಾಕಿದ, ಆಮೇಲೆ ಕಂಪ್ಯೂಟರು ನೋಡಿದ.

“ಇಲ್ಲಿದೆ ನೋಡಿ. ಕಾವಲು ಚೆನ್ನಾಗೇ ಕೆಲಸ ಮಾಡಿದೆ. ಪಾಲಕರಿಗೆ ನಾಲ್ಕು ಎಚ್ಚರಿಕೆ ಕಳಿಸಲಾಗಿದೆ. ಐದನೇ ತಾರೀಖು ಒಂದು, ಎಂಟಕ್ಕೆ ಒಂದು, ಹನ್ನೊಂದಕ್ಕೆ, ಹದಿನಾಲ್ಕಕ್ಕೆ. ನಾಲ್ಕಕ್ಕೂ ಪಾಲಕರು ಉತ್ತರ ಕೊಟ್ಟಿಲ್ಲ. ಇದು ಪಾಲಕರ ನಿರ್ಲಕ್ಷ್ಯ ಆಗುತ್ತೆ, ಸಾಂಡು.”

“ನನಗೆ ಬಂದೇ ಇಲ್ಲ ಸ್ವಾಮಿ!”

“ನಿನಗಲ್ಲ. ಪಾಲಕರು...” ಅವನು ಪರದೆಯ ಹತ್ತಿರ ಬಗ್ಗಿದ. “ಮನೆತನ ಮಿತ್ರಾನ್, ಹೆಸರು ಗ್ಲಿಗೋರೆ.”

ಸಾಂಡು ತಾಯಿಯ ಕಡೆ ತಿರುಗಿದ.

“ಅವನಿಗೆ ಕೇಳಿಸಿರಲ್ಲ,” ಎಂದಳು ಸ್ಟಾಂಕ. “ಫೋನು ಎದೆಯ ಜೇಬಲ್ಲಿದೆ. ಮೇಲೆ ಆರಡಿ ಮಣ್ಣಿದೆ.”

ಡೆನಿಸಾ ಅಜ್ಜಿಯ ತಲೆವಸ್ತ್ರದ ತುದಿಯಲ್ಲಿ ಮುಖ ಮುಚ್ಚಿಕೊಂಡಳು. ಆ ಫೋನು ಅಲ್ಲಿಟ್ಟದ್ದು ಅವಳೇ.

“ಅದೇನೇ ಇರಲಿ, ಕಳಿಸಿದ್ದಂತೂ ಕಳಿಸಿದೆ,” ಎಂದ ಪೊಲೀಸಿನವನು. “ಕೂಡುರಸ್ತೆಗೆ ನಾನು ಬರೋಕಾಗಲ್ಲ, ಜೀಪಿಗೆ ಡೀಸೆಲ್ ಬಂದಿಲ್ಲ. ದೂರು ಬರ್ಕೊಡಿ, ಜಿಲ್ಲೆಗೆ ಕಳಿಸ್ತೀನಿ.”

ಸಾಂಡು ಎದ್ದು ಹೊರಗೆ ಹೋದ. ಹೊರಗೆ ನಿಂತಿದ್ದ ಮಿಲ್ಲಿನ ಗಾಡಿಯಿಂದ ಕೊಡಲಿಯ ಕಾವು ತೆಗೆದುಕೊಂಡು ಹೆದ್ದಾರಿಯ ಕಡೆ ನಡೆಯುವುದು ಕಿಟಕಿಯಲ್ಲಿ ಕಂಡಿತು.

ಸ್ಟಾಂಕ ಮೊಮ್ಮಗಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಳು. ಕಾರ್ಮೆನ್ ತನ್ನ ಮೇಜಿನ ಹಿಂದೆ ಕಾಫಿ ಕುಡಿಯುತ್ತಿದ್ದಳು. ವಿಷಯ ಕೇಳಿ ಬಟ್ಟಲು ಕೆಳಗಿಟ್ಟಳು, ಕಣ್ಣು ತುಂಬಿತು, ಆದರೆ ಬಾಯಿ ಮೊದಲು ಹೇಳಿದ್ದು: “ನಾನು ಕೇಳಿದ್ದೆ ಅಜ್ಜಿ. ಒಂಬತ್ತನೇ ದಿನ ಕೇಳಿದ್ದೆ. ಹೊಡೀಬೇಡ ಅಂದವರು ನೀವೇ.”

“ನಾನೇ,” ಎಂದಳು ಸ್ಟಾಂಕ. “ದೇವರ ಮುಂದೆಯೂ ಅದನ್ನೇ ಹೇಳ್ತೀನಿ, ನಾನೇ. ಸತ್ತವನು ನೊಂದ್ಕೊಳ್ಳಬಾರದು ಅಂತ ಬದುಕಿರೋಳನ್ನ ಬಿಟ್ಟೆ. ಈಗ ಹೊಡಿ. ನನ್ನ ಹೆಸರು ಬರಿ.”

“ಈಗ ಆಗಲ್ಲವಲ್ಲ...”

“ಯಾಕೆ ಆಗಲ್ಲ?”

“ನೂರಕ್ಕೆ ನೂರು ಅಂತ ರಾಜಧಾನಿಗೆ ವರದಿ ಹೋಗಿದೆ. ಈಗ ಒಬ್ಬರನ್ನ ತೆಗೆದ್ರೆ ತೊಂಬತ್ತೊಂಬತ್ತಕ್ಕೆ ಇಳಿಯುತ್ತೆ, ಮೇಯರು ನನ್ನ ಜೀವ ತಿಂತಾರೆ. ಸೆಪ್ಟೆಂಬರಲ್ಲಿ ಹೊಸ ಪಟ್ಟಿ ಬರುತ್ತೆ. ಅಲ್ಲೀವರೆಗೆ...”

“ಅಲ್ಲೀವರೆಗೆ ಇವಳನ್ನ ಹೆಣ ಕಾಯ್ಬೇಕಾ?”

ಸ್ಟಾಂಕ ದಫ್ತರವನ್ನು ತನ್ನ ಕಡೆ ತಿರುಗಿಸಿಕೊಂಡಳು. ಪುಟ ಮಗುಚುತ್ತ ಹೋದಳು. ಆ ಮನೆ, ಈ ಮನೆ, ಹಂದಿ, ಕೋಳಿ. ತಮ್ಮ ಪುಟ ಬಂತು. ಎಲ್ಲಕ್ಕಿಂತ ಮೇಲೆ, ಅವಳು ಮದುವೆಯಾಗಿ ಬಂದ ವರ್ಷದ ಮಾಸಿದ ಶಾಯಿಯಲ್ಲಿ, ಅವನ ಹೆಸರಿತ್ತು.

“ಅಜ್ಜಿ, ಅದು ಸರ್ಕಾರದ ದಫ್ತರ!”

“ಮನುಷ್ಯ ನನ್ನವನು.”

ಅವಳು ಪೆನ್ನು ತೆಗೆದುಕೊಂಡಳು. ಪೆಟ್ಟಿಗೆಯ ಮೇಲೆ ಮೊದಲ ಹಿಡಿ ಮಣ್ಣು ಹಾಕುವಾಗ ಕೂಡ ಕೈ ಇಷ್ಟು ಭಾರವಾಗಿರಲಿಲ್ಲ. “ದೇವರು ನಿನ್ನನ್ನ ಕ್ಷಮಿಸಲಿ, ಗ್ಲಿಗೋರೆ. ನೀನೂ ನನ್ನನ್ನ ಕ್ಷಮಿಸು,” ಎಂದು ಆ ಹೆಸರಿನ ಮೇಲೆ ಒಂದೇ ಗೆರೆ ಎಳೆದಳು. ಕೆಳಗೆ ತನ್ನ ಹೆಸರು ಬರೆದಳು, ಅಕ್ಷರ ಅಕ್ಷರವಾಗಿ, ಶಾಲೆಯ ಮಕ್ಕಳಂತೆ. ಬರೆದು ದಫ್ತರವನ್ನು ಕಾರ್ಮೆನ್ ಕಡೆ ತಳ್ಳಿದಳು. “ಇದನ್ನ ನೋಡ್ಕೊಂಡು ಒತ್ತು. ನಿನ್ನ ನೂರು ನೂರಾಗೇ ಇರುತ್ತೆ, ಒಂದು ಹೆಣ ಕಡಿಮೆ ಅಷ್ಟೆ.”

ಕಾರ್ಮೆನ್ ಕಣ್ಣೊರೆಸಿಕೊಂಡು ಒತ್ತಿದಳು. ಮೂರು ನಿಮಿಷದ ಕೆಲಸ.

ಮಧ್ಯಾಹ್ನ ಕಳೆದ ಮೇಲೆ ಸಾಂಡು ಕೂಡುರಸ್ತೆಯಿಂದ ಬಂದು ನಡೆದದ್ದು ಹೇಳಿದ. ಬೂದಿ ಬಣ್ಣದ ಕಾರೊಂದು ನಿಧಾನಿಸಿತು, ಐವತ್ತು ದಾಟಿದ ಗಂಡಸು, ಒಗೆದ ಬಿಳಿ ಅಂಗಿ, ಮುಂದಿನ ಸೀಟಿನ ಮೇಲೆ ಮಿಠಾಯಿ ಡಬ್ಬ. ಕೊಡಲಿಯ ಕಾವು ನೋಡಿ ಕಾರು ಓಡಿಸಿದ. ನಂಬರನ್ನು ಸಾಂಡು ಅಂಗೈ ಮೇಲೆ ಬರೆದುಕೊಂಡಿದ್ದ. ಪೊಲೀಸಿನವನು ಆ ಅಂಗೈ ನೋಡಿ ಬರೆದುಕೊಂಡು, ಜಿಲ್ಲೆಗೆ ಕಳಿಸುತ್ತೇನೆ ಎಂದ. ಆ ಸಂಜೆ ಸಾಂಡು ಕುಡಿಯಲಿಲ್ಲ. ಅಂಗೈ ತೊಳೆಯಲೂ ಇಲ್ಲ, ಎಡಗೈಯಲ್ಲೇ ಉಂಡ.

ಮಾರನೆಯ ದಿನ ಮಿಲ್ಲಿನಿಂದ ಬರುವಾಗ ಅವನು ತಾಯಿಗೆ ಒಂದು ಫೋನು ತಂದ; ಅದರ ನಂಬರನ್ನು ಕಾರ್ಮೆನ್ ಹತ್ತಿರ ಬರೆಸಿಯೂ ಬಂದಿದ್ದ.

“ಹಿಂಗೆ ಒತ್ತಿದ್ರೆ ತೆರೆಯುತ್ತೆ, ಅಜ್ಜಿ,” ಎಂದು ಡೆನಿಸಾ ಕಲಿಸಿದಳು.

“ಎಚ್ಚರಿಕೆ ಬಂದ್ರೆ?”

“ಎರಡು ಸಲ ಕುಯ್ಗುಟ್ಟುತ್ತೆ.”

“ನನಗೆ ಕೇಳಿಸದಿದ್ರೆ?”

“ಆಗ ನಾನೇ ಬಂದು ಹೇಳ್ತೀನಿ.”

“ಹಾಗೆ ಹೇಳು,” ಎಂದಳು ಸ್ಟಾಂಕ. “ಅದೊಂದು ಗಟ್ಟಿ ಕಾವಲು.”

ಕೋಲಿನ ಮೇಲಿನ ಹನ್ನೆರಡು ಸುಳ್ಳು ಗೆರೆಗಳನ್ನು ಸ್ಟಾಂಕ ಚಾಕುವಿನಿಂದ ಕೆತ್ತಿ ತೆಗೆದಳು. ಅವರಿಬ್ಬರೂ ಹನ್ನೆರಡು ಬೆಳಿಗ್ಗೆ ಮತ್ತೆ ನೀರು ಹೊತ್ತರು. ಬಕೆಟ್ಟು ಹುಡುಗಿಯದು, ಅಜ್ಜಿ ಪಕ್ಕದಲ್ಲಿ, ಪ್ರತಿ ಮನೆಯ ಗೇಟಿನವರೆಗೆ. ದಾರಿ ಸಭಾಭವನದ ಹಿಂದೆಯೇ ಹಾದುಹೋಗುತ್ತಿತ್ತು. ಆಗಸ್ಟಿನ ಬಿಸಿಲಿಗೆ ಊರಿನ ಹುಲ್ಲೆಲ್ಲ ಸುಟ್ಟಿದ್ದರೂ ಆ ಮರದ ಬುಡದಲ್ಲಿ ಒಂದು ಕಂಬಳಿಯಷ್ಟು ಜಾಗ ಹಚ್ಚಗಿತ್ತು. ಗ್ಲಿಗೋರೆಯ ನೀರು. ಸ್ಟಾಂಕ ದಿನಾ ಅದನ್ನು ನೋಡುತ್ತಿದ್ದಳು, ಡೆನಿಸಾ ದಿನಾ ನೋಡದೆ ನಡೆಯುತ್ತಿದ್ದಳು. ತುದೋರ ಬಾಗಿಲಲ್ಲಿ ಕಾದು ನಿಂತು, ನೀರು ಇಸಿದುಕೊಂಡು, “ದೇವರು ಅವನನ್ನ ಕ್ಷಮಿಸಲಿ” ಎನ್ನುತ್ತಿದ್ದಳು. ಮೂರನೆಯ ದಿನ, “ನಮ್ಮನ್ನೂ,” ಎಂದು ಸೇರಿಸಿದಳು.

ಹದಿಮೂರನೆಯ ದಿನ ಅದೇ ಹೆಂಗಸರು, ಕುರುಡ ಪೆತ್ರೆ, ಮತ್ತೆ ಹೊಳೆದಂಡೆಯಲ್ಲಿ ನಿಂತರು. ಬುರುಡೆಯಲ್ಲಿ ಬತ್ತಿ ಹತ್ತಿತು.

“ತಾತ ಗ್ಲಿಗೋರೆಯ ಆತ್ಮಕ್ಕೆ ನಲವತ್ತು ದಿನ ನೀರು ಹೊತ್ತೆ. ಸಾಕ್ಷಿ ಇದ್ದೀರಾ?”

“ಸಾಕ್ಷಿ ಇದ್ದೇವೆ!”

ಎರಡನೆಯ ಸಲ ಕೇಳಿದಳು. ಎರಡನೆಯ ಸಲ ಹೇಳಿದರು. ಅಷ್ಟರಲ್ಲಿ ಸ್ಟಾಂಕಳ ಜೇಬಿನಲ್ಲಿ ಫೋನು ಕುಯ್ಗುಟ್ಟಿತು. ಎರಡು ಸಲ.

“ಸ್ಟಾಂಕಕ್ಕ, ಶಾಸ್ತ್ರದ ಮಧ್ಯೆ...” ಎಂದಳು ಮೇಷ್ಟರ ಹೆಂಡತಿ.

ಸ್ಟಾಂಕ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. ಡೆನಿಸಾಳ ಮುಖ ಬಿಳಿಚಿತ್ತು. ಮುದುಕಿ ಕನ್ನಡಕ ಹುಡುಕಿ, ಹಾಕಿಕೊಂಡು, ತುಟಿಯಾಡಿಸುತ್ತ ಅಕ್ಷರಕ್ಕೆ ಅಕ್ಷರ ಸೇರಿಸಿ ಓದತೊಡಗಿದಳು. ಬತ್ತಿ ಅರ್ಧಕ್ಕೆ ಉರಿಯಿತು. ಹೊಳೆಯ ಮುಂದೆ ಸತ್ತವನೂ ಕಾಯಬೇಕಾಯಿತು.

“ಏನಂತೆ?” ಎಂದಳು ತುದೋರ.

“‘ಮಾನ್ಯ ಪಾಲಕರೇ,’” ಎಂದು ಸ್ಟಾಂಕ ಓದಿದಳು. “‘ನಿಮ್ಮ ಗ್ರಾಮ ಮಕ್ಕಳ ಸುರಕ್ಷತೆಯಲ್ಲಿ ಜಿಲ್ಲೆಗೇ ಮೊದಲ ಸ್ಥಾನ ಪಡೆದಿದೆ. ಅಭಿನಂದನೆಗಳು.’”

ಯಾರೂ ನಗಲಿಲ್ಲ. ಸ್ಟಾಂಕ ಕನ್ನಡಕ ಮಡಿಸಿದಳು. ಫೋನನ್ನು ಆರಿಸದೆ, ಮತ್ತೆ ಜೇಬಿಗೇ ಹಾಕಿಕೊಂಡಳು. ನೀರಿಗೆ ತಾಗಬಾರದೆಂದು ಹೊಳೆಗೆ ಬೆನ್ನು ತಿರುಗಿಸಿ, ನಾಲ್ಕು ಹೆಜ್ಜೆ ದೂರ ಹೋಗಿ, ಧೂಳಿನಲ್ಲಿ ಒಂದು ಸಲ ಉಗುಳಿದಳು. ಬಾಯಿ ಒರೆಸಿಕೊಂಡು ಬಂದು ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟಳು.

“ಹೇಳು ಮಗಳೇ. ಮೂರನೇ ಸಲ.”